ಶನಿವಾರ ನನ್ನ ಮಗಳನ್ನು ಗೋಲಿಗೆ ನಿಲ್ಲಿಸಬೇಡಿ

ಮಾನ್ಯ ಪ್ರಾಂಶುಪಾಲರೇ,

ನನಗೆ ಭಯವಾಗಿದೆ. ಬಹಿರಂಗ ಪತ್ರ ಬರೆಯುವವರು ಸಾಮಾನ್ಯವಾಗಿ ಸಿಟ್ಟಿನಿಂದ ಶುರು ಮಾಡುತ್ತಾರೆ. ಸಿಟ್ಟು ನನಗೂ ಇದೆ, ಆದರೆ ಭಯ ಅದಕ್ಕಿಂತ ದೊಡ್ಡದಾಗಿರುವುದರಿಂದ ಅದನ್ನೇ ಮೊದಲು ಹೇಳಿಬಿಡುತ್ತೇನೆ. ನಾಗರಬಾವಿಯಲ್ಲಿರುವ ನಿಮ್ಮ ಕಾಲೇಜಿನ ಹುಡುಗಿಯರ ಫುಟ್‌ಬಾಲ್ ತಂಡದ ಗೋಲ್‌ಕೀಪರ್ ಶುಭಾ ನನ್ನ ಮಗಳು. ಹೋದ ಶನಿವಾರ ಅವಳ ತಲೆ ಗೋಲಿನ ಕಬ್ಬಿಣದ ಕಂಬಕ್ಕೆ ಬಡಿಯಿತು. ಈ ಶನಿವಾರ ಅವಳು ಮತ್ತೆ ಅದೇ ಕಂಬಗಳ ನಡುವೆ ನಿಲ್ಲಬೇಕಾಗಿದೆ. ನಿಲ್ಲಿಸುತ್ತಿರುವುದು ನಿಮ್ಮ ಸಹಿಯಿರುವ ಒಂದು ಸುತ್ತೋಲೆ.

ತಂಡದ ಸಾಧನೆ ತಮಗೆ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಒಂಬತ್ತು ಪಂದ್ಯ, ಒಂಬತ್ತು ಸೋಲು. ನಮ್ಮ ಲೆಕ್ಕಕ್ಕೆ ಬಂದ ಗೋಲು ಎರಡು, ಅದರಲ್ಲಿ ಒಂದನ್ನು ಎದುರಾಳಿ ಹುಡುಗಿಯೇ ತಪ್ಪಿ ತನ್ನ ಗೋಲಿಗೆ ಹೊಡೆದುಕೊಂಡಳು. ಮೊದಲು ಹದಿನಾಲ್ಕು ಹುಡುಗಿಯರಿದ್ದರು. ಎಂಟು–ಸೊನ್ನೆಯಲ್ಲಿ ಸೋತ ಮಾರನೆಯ ವಾರ ಒಬ್ಬಳಿಗೆ ಜ್ವರ ಬಂತು, ಒಬ್ಬಳಿಗೆ ಅಕ್ಕನ ನಿಶ್ಚಿತಾರ್ಥ ಬಂತು, ಐವರಿಗೆ ಇದ್ದಕ್ಕಿದ್ದಂತೆ ಓದಿನ ಮೇಲೆ ಪ್ರೀತಿ ಬಂತು. ಈಗ ಉಳಿದವರು ಏಳು ಜನ. ಏಳಕ್ಕಿಂತ ಕಡಿಮೆಯಾದರೆ ಪಂದ್ಯ ನಡೆಯುವುದಿಲ್ಲವಂತೆ, ವಾಕೋವರ್ ಆಗುತ್ತದಂತೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಏಳರಲ್ಲಿ ಒಂದು ಹೋದರೆ ಏನಾಗುತ್ತದೆ ಎಂಬ ಲೆಕ್ಕ ಇಷ್ಟು ಕಷ್ಟವಾಗಬಹುದೆಂದು ನನಗೆ ಈ ವಾರದವರೆಗೆ ಗೊತ್ತಿರಲಿಲ್ಲ.

ಈಗ ತಮ್ಮ ಸುತ್ತೋಲೆಗೆ ಬರೋಣ. "ಲೀಗಿನ ಎಲ್ಲ ಪಂದ್ಯಗಳನ್ನು ಪೂರ್ಣಗೊಳಿಸಿದ ತಂಡದ ಸದಸ್ಯರಿಗೆ ಮಾತ್ರ ಅಭ್ಯಾಸದ ದಿನಗಳ ಹಾಜರಾತಿಯನ್ನು ಮಂಜೂರು ಮಾಡಲಾಗುವುದು." ಹೋದ ವರ್ಷ ಯಾರೋ ಹಾಜರಾತಿಗೆಂದೇ ತಂಡ ಕಟ್ಟಿ ಎರಡು ಪಂದ್ಯಕ್ಕೆ ಕೈಬಿಟ್ಟರು, ಅದಕ್ಕಾಗಿ ಈ ನಿಯಮ ಎಂದು ಕೇಳಿದ್ದೇನೆ. ನ್ಯಾಯವೇ. ನಾನೂ ದಿನಾ ಬೆಳಿಗ್ಗೆ ಹಾಜರಿ ಕರೆಯುವವಳು, ಮಕ್ಕಳ ನೆಪಗಳು ನನಗೂ ಗೊತ್ತು. ಆದರೆ ನೆಪ ಹೇಳುವವರನ್ನು ಹಿಡಿಯಲು ಹಾಕಿದ ಬಲೆಯಲ್ಲಿ ಈಗ ಯಾರು ಬಿದ್ದಿದ್ದಾರೆ, ನೋಡಿದ್ದೀರಾ? ನೆಪ ಹೇಳಿದ ಏಳು ಹುಡುಗಿಯರು ಆಗಲೇ ತರಗತಿಗೆ ಮರಳಿ ಹಾಜರಾತಿ ಸರಿಮಾಡಿಕೊಂಡರು. ಸೋಲುತ್ತಲೇ ಇದ್ದರೂ ಬಿಡದೆ ಆಡಿದವರಿಗೆ ಶಾರ್ಟೇಜ್. ಈ ಶನಿವಾರದ ಹತ್ತನೆಯ, ಕೊನೆಯ ಪಂದ್ಯ ನಡೆಯದಿದ್ದರೆ ಅವರು ಪರೀಕ್ಷೆಗೆ ಕೂರುವಂತಿಲ್ಲ.

ಹೋದ ಶನಿವಾರ ನಾನೂ ಮೈದಾನದಲ್ಲಿದ್ದೆ. ಐದು–ಸೊನ್ನೆ ಆಗಿತ್ತು. ಹಿಂದೆ ಕೂತ ಹುಡುಗರು ಪ್ರತಿ ಗೋಲಿಗೂ ಚಪ್ಪಾಳೆ ತಟ್ಟಿ ನಗುತ್ತಿದ್ದರು. ಶುಭಾ ಎಡಕ್ಕೆ ಹಾರಿದಳು, ಕಂಬಕ್ಕೆ ತಲೆ ಬಡಿದ ಸದ್ದು ನಾನು ಕೂತಲ್ಲಿಗೆ ಕೇಳಿಸಿತು. ಆಗ ನಾನು ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ. ಆ ಹುಡುಗರ ನಗುವಿಗೆ ಹೆದರಿ, "ಎದ್ದೇಳೇ ಶುಭಾ, ಎಲ್ರೂ ನೋಡ್ತಾ ಇದಾರೆ" ಎಂದು ಕೂಗಿದೆ. ಅವಳು ಎದ್ದಳು. ಆಮೇಲೆ ಇನ್ನೂ ನಾಲ್ಕು ಗೋಲು ಬಿಟ್ಟುಕೊಟ್ಟಳು, ಕೊನೆಯದಕ್ಕೆ ಕೈಯನ್ನೂ ಎತ್ತಲಿಲ್ಲ. ನಾನು ಅವಳನ್ನು ಮನಸ್ಸಿನಲ್ಲೇ ಬೈದುಕೊಂಡೆ. ಅವಳಿಗೆ ಚೆಂಡು ಎರಡೆರಡಾಗಿ ಕಾಣುತ್ತಿತ್ತು ಎಂದು ತಿಳಿದದ್ದು ಮನೆಗೆ ಬಂದು ವಾಂತಿ ಮಾಡಿದ ಮೇಲೆ.

ಸ್ಕ್ಯಾನಿನಲ್ಲಿ ರಕ್ತಸ್ರಾವ ಕಾಣಲಿಲ್ಲ. ಆದರೂ ಡಾಕ್ಟರು ಬಿಡಿಸಿ ಹೇಳಿದರು: ಮೆದುಳು ಅಲುಗಾಡಿದೆ, ಕೆಲವು ದಿನ ಮರೆವು ಇರಬಹುದು, ಮೂರು ವಾರ ಆಟದ ಮಾತೇ ಬೇಡ, ಇದು ವಾಸಿಯಾಗುವ ಮೊದಲು ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು ಬರಬಹುದು. ಅವರ ಚೀಟಿ ಹಿಡಿದು ಮಂಗಳವಾರ ತಮ್ಮ ಕಚೇರಿಗೆ ಬಂದೆ. ತಾವು ಮೀಟಿಂಗಿನಲ್ಲಿದ್ದಿರಿ. ಅರ್ಜಿಯನ್ನು ವಿಭಾಗದ ಮುಖ್ಯಸ್ಥರ ಮೂಲಕ ತನ್ನಿ ಎಂದರು ಗುಮಾಸ್ತರು. ಹಾಗೇ ತಂದುಕೊಟ್ಟೆ. ಮುದ್ರೆ ಬಿತ್ತು. ಇವತ್ತು ಗುರುವಾರ.

ತಮ್ಮ ಪಿ.ಟಿ. ಮೇಷ್ಟ್ರು ಮಾತ್ರ ಫೋನ್ ಎತ್ತಿದರು. "ಮೇಡಂ, ಸ್ಕ್ಯಾನ್ ನಾರ್ಮಲ್ ಇದೆಯಲ್ಲ. ಸುಮ್ನೆ ನಿಂತ್ಕೊಂಡ್ರೆ ಸಾಕು, ಬಾಲ್ ಹಿಡೀಲೇಬೇಕು ಅಂತೇನಿಲ್ಲ. ನಮ್ಗೆ ತಲೆ ಲೆಕ್ಕ ಸರಿ ಇದ್ರೆ ಆಯ್ತು." ಅವರು ಕೆಟ್ಟವರಲ್ಲ. ಹುಡುಗಿಯರಿಗೆ ವರ್ಷ ಹಾಳಾಗಬಾರದೆಂದೇ ಹಾಗೆ ಹೇಳಿದರು. ಆದರೆ ಹತ್ತು ಹೆಜ್ಜೆ ದೂರದಿಂದ ಒದ್ದ ಚೆಂಡಿಗೆ, ಇವಳು ಸುಮ್ಮನೆ ನಿಂತಿದ್ದಾಳೆ, ಪಕ್ಕಕ್ಕೆ ಹೋಗೋಣ ಎಂದು ತಿಳಿಯುತ್ತದೆಯೇ?

ನಿಮ್ಮ ಮಗಳು ತಾನೇ, ಮನೆಯಲ್ಲಿ ಕೂರಿಸಿಕೊಳ್ಳಿ ಎನ್ನಬಹುದು ತಾವು. ಹತ್ತೊಂಬತ್ತು ವರ್ಷದವಳು ಸ್ವಾಮಿ. ಬೂಟು ಬಚ್ಚಿಟ್ಟೆ, ದಾನಮ್ಮನ ಹಳೆಯದಿದೆ ಎಂದಳು. ದಾನಮ್ಮ ತಂಡದ ನಾಯಕಿ, ವಿಜಯಪುರದ ಕಡೆಯ ಹುಡುಗಿ, ನಾಗರಬಾವಿಯಲ್ಲೇ ಪಿ.ಜಿ.ಯಲ್ಲಿದ್ದು ಓದುತ್ತಿದ್ದಾಳೆ. ನಿನ್ನೆ ಸಂಜೆ ಶುಭಾ ಹೇಳಿದಳು: "ಅಮ್ಮಾ, ನಾನು ಹೋಗ್ಲಿಲ್ಲ ಅಂದ್ರೆ ಆರು ಜನ ಎಕ್ಸಾಮ್ ಬರೆಯೋ ಹಾಗಿಲ್ಲ. ದಾನಮ್ಮನ್ನ ಊರಿಗೆ ಕರ್ಕೊಂಡು ಹೋಗಿ ಮದುವೆ ಮಾಡ್ಬಿಡ್ತಾರೆ." ಅಡುಗೆಮನೆಗೆ ಹೋಗಿ ಅನ್ನಕ್ಕಿಟ್ಟು ಬಂದೆ. ಅವಳು ತಲೆ ಎತ್ತಿ, "ಅಮ್ಮಾ, ನಾನು ಹೋಗ್ಲಿಲ್ಲ ಅಂದ್ರೆ ಆರು ಜನ ಎಕ್ಸಾಮ್ ಬರೆಯೋ ಹಾಗಿಲ್ಲ" ಎಂದು ಶುರುಮಾಡಿ, ಅದೇ ಮಾತನ್ನು ಅದೇ ದನಿಯಲ್ಲಿ, ಮೊದಲ ಸಲ ಹೇಳುವವಳಂತೆ ಪೂರ್ತಿ ಹೇಳಿದಳು.

ಸ್ವಲ್ಪ ಹೊತ್ತಿಗೆ ದಾನಮ್ಮನ ಫೋನ್ ಬಂತು. "ಆಂಟಿ, ಆಕಿನ್ನ ಕಳಸಬ್ಯಾಡ್ರಿ. ನಾವು ಪ್ರಿನ್ಸಿಪಾಲ್ ಸರ್ ಕಾಲು ಹಿಡಿದು ಕೇಳ್ತೀವಿ. ಆಕಿಗಿ ಏನರ ಆದ್ರ ನಾವು ಎಕ್ಸಾಮ್ ಬರದು ಏನ್ ಮಾಡೂದೈತ್ರಿ?" ಆಗಲಿ ಮಗಳೇ ಎಂದುಬಿಡುವ ಆಸೆ ನನಗೆ. ಅಷ್ಟರಲ್ಲಿ ಶುಭಾ ಫೋನ್ ಕಿತ್ತುಕೊಂಡು, "ಬರ್ತೀನಿ ಕಣೇ, ಅಮ್ಮನ ಮಾತು ಕೇಳ್ಬೇಡ" ಎಂದಳು. ಒಬ್ಬರಿಗಾಗಿ ಒಬ್ಬರು ಇಷ್ಟು ಮಾಡುವ ಮಕ್ಕಳನ್ನು ತಾವು ಇನ್ನೂ ಯಾವ ಪಂದ್ಯ ಆಡಿಸಿ ಪರೀಕ್ಷಿಸಬೇಕು? ಜೀವವೋ ಹಾಜರಾತಿಯೋ ಎಂಬ ತೀರ್ಮಾನವನ್ನು ಹಿರಿಯರಾದ ನಾವು ಬಿಟ್ಟು, ತಲೆಗೆ ಪೆಟ್ಟು ಬಿದ್ದಿರುವ ಹುಡುಗಿಯ ಕೈಗೆ ಕೊಟ್ಟಿದ್ದೇವೆ.

ನಾನು ಕೇಳುವುದು ಇಷ್ಟೇ. ನಾಳೆಯೊಳಗೆ ಲೀಗಿನವರಿಗೆ ಒಂದು ಸಾಲು ಬರೆಯಿರಿ: ನಮ್ಮ ತಂಡ ಹತ್ತನೆಯ ಪಂದ್ಯವನ್ನು ಬಿಟ್ಟುಕೊಡುತ್ತಿದೆ. ಒಂಬತ್ತು ಸೋತವರಿಗೆ ಹತ್ತನೆಯದು ಭಾರವಾಗುವುದಿಲ್ಲ. ಆ ಆರು ಹುಡುಗಿಯರಿಗೆ ಹಾಜರಾತಿ ಕೊಡಿ. ನಿಯಮಕ್ಕೆ ಯಾರಾದರೂ ಒಬ್ಬರು ಬೇಕೇ ಬೇಕು ಎಂದಾದರೆ ನನ್ನ ಮಗಳನ್ನು ತೆಗೆದುಕೊಳ್ಳಿ, ಅವಳಿಗೆ ಶಾರ್ಟೇಜ್ ಹಾಕಿ, ಒಂದು ವರ್ಷ ಹೋದರೆ ಹೋಗಲಿ. ವಿದ್ಯಾರ್ಥಿನಿಯ ತಾಯಿಯೊಬ್ಬಳು ಹೀಗೆ ಬೇಡಿಕೊಂಡದ್ದನ್ನು ತಾವು ಹಿಂದೆ ಕೇಳಿರಲಿಕ್ಕಿಲ್ಲ.

ಇದನ್ನು ಬರೆಯುತ್ತಿರುವಾಗ ಶುಭಾ ಎದ್ದು ಬಂದು ಪಕ್ಕದಲ್ಲಿ ಕೂತಳು. ಶನಿವಾರದ ಮ್ಯಾಚಿನ ಬಗ್ಗೆ ಬರೀತಾ ಇದೀನಿ ಎಂದೆ. "ಯಾವ ಮ್ಯಾಚು? ಎಲ್ಲಾ ಮುಗೀತಲ್ಲಮ್ಮ" ಎಂದು ಹಾಯಾಗಿ ನಕ್ಕಳು. ಆಟೋಗೆ ಹೇಳಿದ್ದೇನೆ, ಈಗಲೇ ಮತ್ತೆ ಡಾಕ್ಟರ ಬಳಿ ಹೊರಟಿದ್ದೇವೆ. ಪಂದ್ಯ ಇನ್ನೂ ಇದೆ ಎಂದು ನಾಳೆ ಯಾರಾದರೂ ಅವಳಿಗೆ ನೆನಪು ಮಾಡುತ್ತಾರೆ. ಅಷ್ಟರೊಳಗೆ ಸಹಿ ಹಾಕಿ.

ಇಂತಿ,
ಒಂಬತ್ತು ಪಂದ್ಯ ಸೋತ ಗೋಲ್‌ಕೀಪರ್ ಹುಡುಗಿಯ ಅಮ್ಮ,
ಅಂಬುಜಾ
ಬಸವೇಶ್ವರನಗರ