ನಲವತ್ತೊಂದನೇ ನಂಬರಿನ ಮನೆ

ಮಂಡ್ಯ
೨೮-೩-೧೯೭೧, ಭಾನುವಾರ

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಪೊರೆ ತೆಗೆದ ಮೇಲೆ ಉರಿ ಕಡಿಮೆಯಾಯಿತೇ? ಬುಧವಾರ ಪಟ್ಟಿ ಬಿಚ್ಚುತ್ತಾರೆ ಎಂದು ಅಮ್ಮ ಕಾರ್ಡಿನಲ್ಲಿ ಬರೆದಿದ್ದಳು. ಅಲ್ಲಿಯವರೆಗೆ ಕೆಮ್ಮಬಾರದು, ಬಗ್ಗಬಾರದು, ಜೋರಾಗಿ ನಗಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಕೋಪ ಮಾಡಿಕೊಳ್ಳಬಾರದು ಎಂದೂ ಹೇಳಿದ್ದಾರೋ ಇಲ್ಲವೋ ಗೊತ್ತಿಲ್ಲ, ಅದನ್ನು ನಾನು ಸೇರಿಸುತ್ತಿದ್ದೇನೆ. ಈ ಪತ್ರವನ್ನು ನಿಮಗೆ ಓದಿ ಹೇಳುವವಳು ಅಮ್ಮನೇ ತಾನೇ. ಅಮ್ಮಾ, ನಿನ್ನ ಮಂಡಿನೋವು ಹೇಗಿದೆ? ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ಅದನ್ನು ಇನ್ನಷ್ಟು ಕೆಡಿಸಿಕೊಳ್ಳಬೇಡ. ನನ್ನ ಜಾತಕದ ವಿಷಯ ಈ ಪತ್ರದಲ್ಲಿ ಎಲ್ಲೂ ಇಲ್ಲ, ಆದ್ದರಿಂದ ಮೊದಲೇ ಕೊನೆಯ ಪುಟಕ್ಕೆ ಹಾರಬೇಡ, ಸಾಲುಸಾಲಾಗಿ ಓದು. ನಿನ್ನೆ ಯುಗಾದಿಯ ಬೇವುಬೆಲ್ಲವನ್ನು ಎಲ್ಲಿ ಕೂತು ತಿಂದೆ ಎಂದು ಹೇಳಿದರೆ ನೀವಿಬ್ಬರೂ ನಂಬುವುದಿಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ.

ಐದು ದಿನದಿಂದ ನನಗೆ ಊಟ ಸೇರುತ್ತಿಲ್ಲ, ಕೂತಲ್ಲಿ ಕೂರಲಾಗುತ್ತಿಲ್ಲ. ಜನಗಣತಿಗೆ ಹಾಕಿದ್ದಾರೆ, ಬಿಸಿಲಲ್ಲಿ ಸಾಯಬೇಕು ಎಂದೆಲ್ಲ ಹೋದ ಪತ್ರದಲ್ಲಿ ಗೊಣಗಿದ್ದೆನಲ್ಲ, ಆ ಮಾತನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ. ಯಲಿಯೂರಿನ ಸ್ಕೂಲಿಗೆ ದಿನಾ ರೈಲಿನಲ್ಲಿ ಹೋಗಿ ಬರುವ ಮೇಡಮ್ಮು ಎಂದು ಆ ಊರಿನ ನೂರಿಪ್ಪತ್ತು ಮನೆಗಳನ್ನು ನನ್ನ ತಲೆಗೇ ಕಟ್ಟಿದರು. ಒಂದು ಮನೆಯಲ್ಲಿ ಕೇಳಿದ ವಿಷಯವನ್ನು ಇನ್ನೊಂದು ಮನೆಯಲ್ಲಿ ಹೇಳಬಾರದು ಎಂದು ಟ್ರೈನಿಂಗಿನಲ್ಲಿ ನಮಗೆ ಹೇಳಿಕೊಟ್ಟಿದ್ದಾರೆ. ನಾನು ಈಗ ಹೇಳಹೊರಟಿರುವುದು ನಮ್ಮ ಮನೆಯದೇ ವಿಷಯ, ಅದಕ್ಕೆ ಯಾವ ರೂಲ್ಸೂ ಅಡ್ಡ ಬರುವುದಿಲ್ಲ.

ಮಂಗಳವಾರ ಪುಟ್ಟರಾಜು ಅನ್ನುವವರ ಮನೆಗೆ ಹೋದೆ. ನಲವತ್ತೆಂಟು ವರ್ಷದ ರೈತ, ಹೆಂಡತಿ, ಮಗಳು, ಜೊತೆಗೆ ಅವರ ತಾಯಿ ಚಿಕ್ಕಬೋರಮ್ಮ. ಆ ಅಜ್ಜಿಗೆ ಎಪ್ಪತ್ತೆರಡು ದಾಟಿದೆ, ಕಣ್ಣು ಮಂಜು, ನಾಲಗೆ ಮಾತ್ರ ಹರಿತ. ನಾಲ್ಕು ಹೆಸರು ಬರೆದುಕೊಂಡು ಏಳುವ ಹೊತ್ತಿಗೆ ಅಜ್ಜಿ ಜಗಲಿಯಿಂದಲೇ ನನ್ನನ್ನು ತಡೆದಳು. "ನನ್ ಇರೀಮಗನ ಯೆಸ್ರು ಬುಟ್ಟೆಯಲ್ಲಮ್ಮ, ಬರ್ಕೊ." ಇಲ್ಲಿ ವಾಸ ಇಲ್ಲದವರನ್ನು ಬರೆಯುವ ಹಾಗಿಲ್ಲ ಎಂದೆ. "ಆವತ್ತು ಕಾನೇಸ್ಮಾರಿಲಿ ಬರ್ಕಂಡಿದ್ರು, ಇವತ್ಯಾಕೆ ಬರ್ಕಳಕಿಲ್ಲ?" ಎಂದು ಜಗಳಕ್ಕೇ ನಿಂತಳು. ಹಿಂದಿನವರು ಜನಗಣತಿಗೆ ಖಾನೇಷುಮಾರಿ ಅನ್ನುತ್ತಿದ್ದರಲ್ಲ, ಅದು. ಪುಟ್ಟರಾಜು ನಗುತ್ತಾ, ನಮ್ಮವ್ವ ಯಾವಾಗಲೂ ಹೀಗೇ, ಹಾಲು ಕೊಟ್ಟ ಮಗುವನ್ನೇ ಹಿರಿಯ ಮಗ ಅನ್ನುತ್ತದೆ, ನೀವು ಹೊರಡಿ ಎಂದರು. ಯಾವ ಮಗು ಎಂದು ಸುಮ್ಮನೆ ಬಾಯಿಮಾತಿಗೆ ಕೇಳಿದೆ. ಮದ್ದೂರಿನ ರಾಮಾನುಜ ಮೇಷ್ಟ್ರ ಮಗ, ರಂಗ, ಈಗ ಪುಸ್ತಕ ಬರೆಯುತ್ತಾನಂತೆ ಎಂದಳು ಅಜ್ಜಿ. ಅಪ್ಪಾ, ಅವಳು ಹೇಳುತ್ತಿದ್ದದ್ದು ನಿಮ್ಮ ವಿಷಯ! ನಾನು ಯಾರ ಮಗಳೆಂದು ಹೇಳುವ ಧೈರ್ಯ ಆಗ ಬರಲಿಲ್ಲ.

ಆಸ್ಪತ್ರೆ ಸೇರುವ ಮುಂಚೆ ನೀವು ಪ್ರೆಸ್ಸಿಗೆ ಕೊಟ್ಟು ಹೋದ ಆತ್ಮಕಥೆಯ ಮೊದಲ ಅಧ್ಯಾಯ ನನಗೆ ಬಾಯಿಪಾಠ, ನಕಲು ಮಾಡಿದವಳೇ ನಾನು. "ಎತ್ತಿಕೊಂಡವರು ಯಾರೂ ಇಲ್ಲದೆ ಬೆಳೆದ ಮಗು ನಾನು" ಎಂದು ಅದು ಶುರುವಾಗುತ್ತದೆ. ಹತ್ತು ತಿಂಗಳಿದ್ದಾಗ ಇನ್‌ಫ್ಲುಯೆಂಜದಲ್ಲಿ ತಾಯಿ ಹೋದದ್ದು, ಸೋದರತ್ತೆ ತಿರುಮಲಮ್ಮ ಒಳಲೆಯಲ್ಲಿ ಹಸುವಿನ ಹಾಲು ಹಾಕಿ ಉಳಿಸಿಕೊಂಡದ್ದು, ನೆನಪು ಶುರುವಾಗುವುದೇ ಮಳವಳ್ಳಿಯ ಆ ಕತ್ತಲೆ ಮನೆಯಿಂದ ಎಂಬುದು, ಎಲ್ಲ ಅದರಲ್ಲಿದೆ. ನಿಮ್ಮ ಒಂಬತ್ತು ಕಾದಂಬರಿಗಳಲ್ಲಿ ಒಬ್ಬ ತಾಯಿಯೂ ಮೂರನೇ ಅಧ್ಯಾಯ ದಾಟಿ ಬದುಕಿಲ್ಲ. ಅಮ್ಮ ಅದಕ್ಕೇ ಎರಡನೇ ಅಧ್ಯಾಯಕ್ಕೆ ಪುಸ್ತಕ ಮುಚ್ಚಿಟ್ಟುಬಿಡುತ್ತಾಳೆ, ಇದು ನಿಮಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ. (ಅಮ್ಮಾ, ಈ ಸಾಲು ಬಿಟ್ಟು ಓದು.) ಅಯ್ಯಂಗಾರರ ಮನೆಯವರಿಗೆ ಈ ಗೌಡರ ಕೇರಿಯ ಮಾತು ಇಷ್ಟು ಚೆನ್ನಾಗಿ ಎಲ್ಲಿಂದ ಬಂತು ಎಂದು ಸಭೆಗಳಲ್ಲಿ ಕೇಳಿದವರಿಗೆಲ್ಲ ಸಂತೆಯಲ್ಲಿ ಕಿವಿಗೊಟ್ಟು ಕಲಿತೆ ಎನ್ನುತ್ತೀರಿ. ನಾವು ಮನೆಯಲ್ಲಿ ಆಡುವುದು ತಮಿಳು. ಆದರೆ ನಿಮಗೆ ಸಿಟ್ಟು ಬಂದಾಗ, ಜ್ವರ ಬಂದಾಗ ಬಾಯಿಗೆ ಬರುವುದು ಯಾವ ಭಾಷೆ ಎಂದು ಅಮ್ಮನನ್ನೇ ಕೇಳಿ.

ಮುದುಕಿಯ ಮಾತು ನಂಬಿ ನಿಮಗೆ ಬರೆದರೆ ಸಾಕ್ಷಿ ಎಲ್ಲಿ ಎಂದು ಕೇಳುತ್ತೀರಿ, ನನಗೆ ಗೊತ್ತು. ಹಾಗಾಗಿ ಶುಕ್ರವಾರ ಮದ್ದೂರಿಗೆ ಓಡಿದೆ. ಯಲಿಯೂರಿನ ಹಳೆಯ ಶಾನುಭೋಗರ ಸೊಸೆ ಪಂಕಜಮ್ಮ ಈಗ ಅಲ್ಲಿದ್ದಾರೆ. ಊರಿನ ಲೆಕ್ಕವನ್ನು ತಾಲ್ಲೂಕು ಕಚೇರಿಗೆ ಕಳಿಸುವಾಗ ಮಾವನವರು ಕರಡು ಪ್ರತಿಯನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಿದ್ದರು, ಅಟ್ಟದ ಮೇಲೆ ಗಂಟಿದೆ, ನೋಡಿಕೊಳ್ಳಿ ಎಂದರು. ಕೆಂಪು ಬಟ್ಟೆಯ ಗಂಟು ಬಿಚ್ಚಿದರೆ ಪಹಣಿ, ಕಂದಾಯ, ದನದ ಲೆಕ್ಕ ಎಲ್ಲ ಇದೆ, ೧೯೨೧ರ ಖಾನೇಷುಮಾರಿಯ ಹಾಳೆಗಳಲ್ಲಿ ಅರ್ಧ ಇಲ್ಲ. ನಾನು ಅಳುವ ಹಾಗೆ ಆದೆ. ಆಗ ಪಂಕಜಮ್ಮನಿಗೆ ಏನೋ ಹೊಳೆದು, ಒಳ್ಳೆಯ ಗಟ್ಟಿ ಕಾಗದವಾಗಿತ್ತು, ಉಗ್ರಾಣದ ಹಲಗೆಗೆ ಹಾಸಿಬಿಟ್ಟೆ ಕಣಮ್ಮ ಎಂದರು. ಇಬ್ಬರೂ ಸೇರಿ ಉಪ್ಪಿನಕಾಯಿ ಜಾಡಿಗಳನ್ನೆಲ್ಲ ಇಳಿಸಿದೆವು. ಮಾವಿನಮಿಡಿ ಜಾಡಿಯ ಕೆಳಗೆ ನಲವತ್ತೊಂದನೇ ನಂಬರಿನ ಮನೆ ಸಿಕ್ಕಿತು. ಎಣ್ಣೆಯ ಕಲೆ ದುಂಡಗೆ ಕೂತಿದೆ, ಆದರೂ ಅಕ್ಷರ ಸ್ಪಷ್ಟ. ಜವರಯ್ಯ, ಗಂಡು, ಇಪ್ಪತ್ತೆಂಟು. ಚಿಕ್ಕಬೋರಮ್ಮ, ಹೆಣ್ಣು, ಇಪ್ಪತ್ತೆರಡು. ಅದರ ಕೆಳಗೆ ರಂಗ, ಗಂಡು, ಮೂರು. ಜಾತಿ, ಶ್ರೀವೈಷ್ಣವ ಬ್ರಾಹ್ಮಣ. ಭಾಷೆಯ ಕಾಲಂನಲ್ಲಿ ಮೊದಲು ತಮಿಳು ಎಂದು ಬರೆದು, ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಕನ್ನಡ ಎಂದಿದೆ. ನಾನು ಆ ಹಾಳೆಯನ್ನು ಎದೆಗೆ ಒತ್ತಿಕೊಂಡು ಉಗ್ರಾಣದಲ್ಲೇ ಕೂತುಬಿಟ್ಟೆ. ಪಂಕಜಮ್ಮ ಕಾಫಿ ತಂದುಕೊಟ್ಟರು.

ನಿನ್ನೆ ಯುಗಾದಿ. ಬೆಳಗ್ಗೆ ಎಣ್ಣೆನೀರು ಹಾಕಿಕೊಂಡವಳೇ ಹಾಳೆ ಹಿಡಿದು ಯಲಿಯೂರಿಗೆ ಹೋಗಿ, ನಾನು ರಂಗನ ಮಗಳು ಗೋದಾ ಎಂದು ಅಜ್ಜಿಗೆ ಹೇಳಿದೆ. ಅಪ್ಪಿಕೊಳ್ಳುತ್ತಾಳೆ, ಅಳುತ್ತಾಳೆ ಎಂದು ನಿಮ್ಮ ಕಾದಂಬರಿ ಓದಿ ಬೆಳೆದ ನಾನು ಎಣಿಸಿದ್ದೆ. "ಮೊನ್ನೆ ಬಂದೋಳು ಮೊನ್ನೇನೇ ಯೋಳಕೇನಾಗಿತ್ತು ನಿಂಗೆ" ಎಂದು ಬೈದು, ಸೊಸೆಯನ್ನು ಕೂಗಿ ಚಾಪೆ ಹಾಕಿಸಿ, ತನ್ನ ಕೈಯಾರೆ ಬೇವುಬೆಲ್ಲ ಕೊಟ್ಟಳು. ಬೆಲ್ಲವೇ ಜಾಸ್ತಿ ಇತ್ತು. ಆಮೇಲೆ ಎಲ್ಲ ಹೇಳಿದಳು. ಮದ್ದೂರಿನ ನಿಮ್ಮ ಮನೆಗೆ ಅಕ್ಕಿ ತಂದು ಹಾಕುತ್ತಿದ್ದವರು ಅವಳ ಗಂಡ ಜವರಯ್ಯ. ಅದೇ ಜ್ವರದಲ್ಲಿ ಅವರ ಮೊದಲ ಕೂಸು ಹೋಗಿ ಎಂಟು ದಿನವಾಗಿತ್ತಂತೆ. ನೀವು ಒಳಲೆಯ ಹಾಲನ್ನು ಉಗುಳುತ್ತಿದ್ದಿರಿ, ಒಣಗಿ ಕಡ್ಡಿಯಾಗಿದ್ದಿರಿ. ರಾಮಾನುಜ ತಾತನೇ ನಿಮ್ಮನ್ನು ಜವರಯ್ಯನ ಕೈಗೆ ಕೊಟ್ಟು, ನಾಲ್ಕು ದಿನ ಇಟ್ಟುಕೊಳ್ಳಿ ಎಂದರು. ಆ ನಾಲ್ಕು ದಿನ ಎರಡೂವರೆ ವರ್ಷವಾಯಿತು. ತಾತ ಭಾನುವಾರ ಭಾನುವಾರ ಬಂದು ಜಗಲಿಯ ಮೇಲೆ ಕೂತು, ಒಂದು ಲೋಟ ನೀರನ್ನೂ ಕುಡಿಯದೆ ನಿಮ್ಮನ್ನು ನೋಡಿಕೊಂಡು ಹೋಗುತ್ತಿದ್ದರಂತೆ.

ಆಗಿನ ಲೆಕ್ಕದಲ್ಲಿ ಆ ಹೊತ್ತು ಯಾರು ಯಾವ ಮನೆಯಲ್ಲಿದ್ದಾರೋ ಅವರನ್ನು ಅಲ್ಲೇ ಬರೆಯಬೇಕು. ಆದರೂ ಶಾನುಭೋಗರು ಬ್ರಾಹ್ಮಣರ ಮಗು ಇಲ್ಲಿ ಬೇಡ ಎಂದು ಬಿಟ್ಟು ಹೊರಟಿದ್ದರಂತೆ. ಪಟ್ಟು ಹಿಡಿದು ಬರೆಸಿದವಳು ಚಿಕ್ಕಬೋರಮ್ಮ. "ಸರ್ಕಾರದ ಬುಕ್ಕಲ್ಲಿ ಬರ್ದ್‌ಬುಟ್ರೆ ಯಾರೂ ಕಿತ್ಕಳಕಾಗಕಿಲ್ಲ ಅನ್ಕಂಡಿದ್ದೆ ಕಣವ್ವ" ಎಂದಳು. ಶಾನುಭೋಗರು ಭಾಷೆಯ ಕಾಲಂನಲ್ಲಿ ಜಾತಿ ನೋಡಿ ತಮಿಳು ಎಂದು ಬರೆದು, ಸುಮ್ಮನೆ ನಿಮ್ಮನ್ನು ಮಾತಾಡಿಸಿ ಹೆಸರೇನಪ್ಪಾ ಎಂದರಂತೆ. ಮೂರು ವರ್ಷದ ನೀವು ಅವಳ ಸೊಂಟದ ಮೇಲಿಂದಲೇ "ರಂಗ ಕಣ್ಲಾ" ಎಂದಿರಂತೆ. ಶಾನುಭೋಗರಿಗೇ! ಅವರು ನಕ್ಕು ನಕ್ಕು ತಮಿಳನ್ನು ಹೊಡೆದುಹಾಕಿ ಕನ್ನಡ ಬರೆದರು. ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಮದ್ದೂರಿನಲ್ಲಿ ಆ ತಮಾಷೆಯನ್ನು ನಾಲ್ಕು ಜನರ ಮುಂದೆ ಹೇಳಿದರು, ಅದು ಅಗ್ರಹಾರಕ್ಕೆಲ್ಲ ಹಬ್ಬಿ ತಾತ ತಲೆ ಎತ್ತದ ಹಾಗಾಯಿತು. ಮುಂದಿನ ಭಾನುವಾರ ತಾತ ಬಂದು ನಿಮ್ಮನ್ನು ಎತ್ತಿಕೊಂಡು ಹೋದರು. ವರ್ಗ ಕೇಳಿಕೊಂಡು ಮಳವಳ್ಳಿಗೆ ಹೋದರು, ತಿರುಮಲಮ್ಮಜ್ಜಿಯನ್ನು ಕರೆಸಿಕೊಂಡರು, ಒಳಲೆಯ ಕಥೆ ಆಮೇಲೆ ಕಟ್ಟಿದ್ದು. ತಾತನ ಮೇಲೆ ನನಗೆ ನಿನ್ನೆಯೆಲ್ಲ ತುಂಬಾ ಕೋಪ ಇತ್ತು. ಅಜ್ಜಿಗೆ ಇಲ್ಲ. ಬರೆಸಿ ಕಳೆದುಕೊಂಡವಳು ತಾನೇ ಎನ್ನುತ್ತಾಳೆ. ಒಂದು ಸಲ ಮಳವಳ್ಳಿಯ ತನಕ ಹೋಗಿದ್ದಳಂತೆ. ಜುಟ್ಟು ಬಿಟ್ಟುಕೊಂಡು ಸ್ಲೇಟು ಹಿಡಿದು ಸ್ಕೂಲಿಗೆ ಹೋಗುತ್ತಿದ್ದ ನಿಮ್ಮನ್ನು ದೂರದಿಂದ ನೋಡಿ, ಮಾತಾಡಿಸದೆ ವಾಪಸು ಬಂದಳು. ಮಾತಾಡಿಸಿದರೆ ನಿಮಗೆ ಮನೆಯಲ್ಲಿ ಬೈಗುಳ ಬೀಳುತ್ತದೆ ಎಂದು ಹೆದರಿಕೆ.

ಅಪ್ಪಾ, ನನಗೆ ಎಷ್ಟು ಸಂತೋಷವಾಗಿದೆ ಎಂದು ಹೇಗೆ ಬರೆಯಲಿ. ನಮಗೆ ಒಬ್ಬ ಅಜ್ಜಿ ಇದ್ದಾಳೆ, ನಿನ್ನೆ ನನಗೆ ಬೈದಿದ್ದಾಳೆ. ನೀವು ನಂಬದೇ ಇರಬಹುದು ಎಂದು ಒಂದು ಕಡೆ ಭಯವೂ ಇದೆ. ಐವತ್ತಮೂರು ವರ್ಷ ತಬ್ಬಲಿ ಎಂದುಕೊಂಡಿದ್ದವರು ಮಗಳ ಒಂದು ಪತ್ರಕ್ಕೆ ಅದನ್ನು ಬಿಟ್ಟುಕೊಡುವುದು ಕಷ್ಟವೇ. ಹಾಳೆ ನನ್ನ ಟ್ರಂಕಿನಲ್ಲಿದೆ, ಬಂದು ನಿಮ್ಮ ಹೊಸ ಕಣ್ಣಲ್ಲೇ ನೋಡಿ. ಅಮ್ಮಾ, ಇಲ್ಲಿಯತನಕ ಓದಿ ಗಂಟಲು ಒಣಗಿರುತ್ತದೆ, ನೀರು ಕುಡಿ. ಅಪ್ಪನ ಕಣ್ಣಲ್ಲಿ ನೀರು ಬಂದರೆ ಪಟ್ಟಿ ಒದ್ದೆಯಾಗುತ್ತದೆ, ನರ್ಸಮ್ಮನನ್ನು ಕರೆ.

ದೇವರ ದಯದಿಂದ ಪಟ್ಟಿ ಬಿಚ್ಚಿದ ಕೂಡಲೇ ನಿಮಗೆ ಎಲ್ಲವೂ ತಿಳಿಯಾಗಿ ಕಾಣಲಿ. ಇಬ್ಬರಿಗೂ ನನ್ನ ನಮಸ್ಕಾರಗಳು.

ನಿಮ್ಮ ಮಗಳು,
ಗೋದಾ

ಮ.ವಿ.: ಟಪ್ಪಾಲಿಗೆ ಹೊತ್ತಾಯಿತು, ಮುಖ್ಯವಾದದ್ದೇ ಬಿಟ್ಟುಹೋಗಿದೆ. ಪತ್ರ ಸಿಕ್ಕ ಕೂಡಲೇ ಪ್ರೆಸ್ಸಿಗೆ ಹೇಳಿ ಕಳಿಸಿ, ಮೊದಲ ಅಧ್ಯಾಯ ಅಚ್ಚಾಗಬಾರದು. ಹೋದ ದೀಪಾವಳಿ ಸಂಚಿಕೆಯಲ್ಲಿ ಅದರ ಒಂದು ತುಣುಕು ಬಂದಿತ್ತಲ್ಲ, ಪುಟ್ಟರಾಜುವಿನ ಮಗಳು ಅದನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದ್ದಾಳೆ. ಎತ್ತಿಕೊಂಡವರು ಯಾರೂ ಇಲ್ಲ ಎಂಬ ಸಾಲು ಅಜ್ಜಿಗೆ ಗೊತ್ತು. ಗಣತಿಯ ಕೊನೆಯ ಸುತ್ತಿಗೆ ಏಪ್ರಿಲ್ ಮೂರರ ತನಕ ನಾನು ಮತ್ತೆ ಮನೆಮನೆಗೆ ಹೋಗಬೇಕು, ಡಾಕ್ಟರು ಬಿಟ್ಟರೆ ಅಷ್ಟರೊಳಗೆ ರೈಲು ಹತ್ತಿ, ಯಲಿಯೂರಿನಲ್ಲೇ ಇಳಿಯಿರಿ. ಅಜ್ಜಿ ನಿಮ್ಮಿಂದ ಏನೂ ಕೇಳಲಿಲ್ಲ. ನಾನು ಹೊರಡುವಾಗ, ಅವರಿಗೆ ಚಿಕ್ಕಂದಿನದು ಯಾವುದೂ ನೆನಪಿಲ್ಲ ಅಜ್ಜಿ, ತಪ್ಪು ತಿಳಿಯಬೇಡ ಎಂದೆ. ಅದಕ್ಕೆ ಅವಳು ಸೀರೆಯ ಮೇಲಿಂದಲೇ ಎಡಗಡೆಯ ಸೊಂಟ ಸವರಿಕೊಂಡು ಹೇಳಿದ್ದು ಇಷ್ಟು: "ಎತ್ಕಂಡಿದ್ದು ಅವ್ನಿಗೆ ಗ್ಯಾಪ್ಕ ಇಲ್ದಿದ್ರೆ ಇಲ್ಲ ಬುಡು. ನನ್ ಸೊಂಟಕ್ಕೆ ಗ್ಯಾಪ್ಕ ಅದೆ."