ಗೋಡೆಗೆ ಹಾಕಿದ ಲೋಟ

2189ನೇ ಇಸವಿ, ಹದಿಮೂರನೇ ತಿಂಗಳು, ಆರನೇ ದಿನ
ಏಳನೇ ಕಟ್ಟೆ, ರಾಯಚೂರು ಸೀಮೆ

ಹಿಂದಿನ ಕಾಲದ ಹಿರಿಯರಿಗೆ ಹುಲಿಗೆಮ್ಮನ ನಮಸ್ಕಾರ.

ಹದಿಮೂರನೇ ತಿಂಗಳು ಎಂದು ಓದಿ ಬೆರಗಾಗಬೇಡಿ. ಬೇಸಿಗೆ ಉದ್ದವಾದಾಗ ನಮ್ಮವರು ಉರಿತಿಂಗಳು ಎಂದು ಒಂದನ್ನು ಸೇರಿಸಿಕೊಂಡರು. ನಾನು ಓದಿದ್ದು ನಾಲ್ಕನೇ ತರಗತಿ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ.

ನನಗೆ ದೆವ್ವಗಳನ್ನು ಹುಡುಕುವ ಹವ್ಯಾಸ. ಕೆಲಸ ಪಂಪುಮನೆಯಲ್ಲಿ. ಅಲ್ಲಿ ಬಿಸಾಡಿದ ತಾಮ್ರದ ತಂತಿ ಸುತ್ತಿ ಒಂದು ಕೇಳುಕಡ್ಡಿ ಮಾಡಿಕೊಂಡೆ. ಅದರ ತುದಿಯನ್ನು ಗೋಡೆಗೆ ಒತ್ತಿ ಹಿಡಿದರೆ ಒಳಗಿನ ಸಣ್ಣ ಅದುರು ಕೂಡ ಕಿವಿಗೆ ಬರುತ್ತದೆ. ಕಾಳಿನ ಗೋದಾಮಿನಲ್ಲಿ ನರಳುತ್ತಿದ್ದ ಹೆಂಗಸನ್ನು ಮೊದಲು ಹುಡುಕಿದೆ. ಬಿಸಿಲಿಳಿದು ತಣಿಯುವ ತಗಡು ಅದು. ಶಾಲೆಯ ಮೂಲೆಯಲ್ಲಿ ಮಕ್ಕಳ ಕಾಲು ಹಿಡಿಯುತ್ತಿದ್ದ ಚಳಿಗೆ ನೆಲದಡಿಯ ಹಳೆಯ ಬಾವಿ ಕಾರಣ. ಹೀಗೆ ಹನ್ನೊಂದು ಕಡೆ. ಎಲ್ಲವನ್ನೂ ಹೊತ್ತು, ಬಿಸಿಲು, ಗಾಳಿಯ ದಿಕ್ಕಿನ ಸಮೇತ ಬರೆದಿಟ್ಟಿದ್ದೇನೆ. ಜನ ನನ್ನನ್ನು ದೆವ್ವ ಕೆಡಿಸುವಾಕಿ ಎಂದು ಚುಡಾಯಿಸುತ್ತಿದ್ದರು. ಒಳಗೊಳಗೇ ನನಗೆ ಹೆಮ್ಮೆಯಿತ್ತು.

ಹನ್ನೆರಡನೆಯದು ದ್ಯಾವಮ್ಮನ ಮನೆ. ಅಲ್ಲಿ ದಿನಾ ಮಧ್ಯಾಹ್ನ ಮೂರಕ್ಕೆ ಗೋಡೆಯೊಳಗಿನಿಂದ ಒಂದು ಹೆಣ್ಣು ದನಿ ಕೇಳುತ್ತಿತ್ತು: "ನೀರು ಕುಡದೀ ಏನವಾ?" ಬಾಯಾರಿ ಸತ್ತ ಮಗಳನ್ನು ಯಾರೋ ತಾಯಿ ಹುಡುಕುತ್ತಿದ್ದಾಳೆ ಎಂದು ಆ ಮನೆಯವರು ತಲೆತಲಾಂತರದಿಂದ ನಂಬಿದ್ದರು. ನಮ್ಮಲ್ಲಿ ಒಬ್ಬೊಬ್ಬರಿಗೆ ದಿನಕ್ಕೆ ಕಟ್ಟೆಯಿಂದ ಸಿಗುವುದು ಐದು ಲೋಟ. ಇದನ್ನು ಪಾಲುನೀರು ಎನ್ನುತ್ತೇವೆ. ಆ ಮನೆಗೆ ಬಂದ ಸೊಸೆ ತನ್ನ ಪಾಲಿನ ಒಂದು ಲೋಟವನ್ನು ಗೋಡೆಯ ಬುಡಕ್ಕೆ ಹಾಕಬೇಕು. ದ್ಯಾವಮ್ಮ ಮೂವತ್ತು ವರ್ಷ ಹಾಕಿದ್ದಳು. ಈಗ ಅವಳ ಸೊಸೆ ರೇಣವ್ವನ ಸರದಿ. ರೇಣವ್ವ ಏಳು ತಿಂಗಳ ಬಸುರಿ. ನನ್ನನ್ನು ಕರೆದವಳು ಅವಳೇ.

"ಹೊಟ್ಟಿಯಾಗಿನ ಕೂಸು ಮೊದಲಿನಂಗ ಒದಿಯಂಗಿಲ್ಲಕ್ಕಾ," ಎಂದಳು. "ಆ ಲೋಟ ನನಗ ಬೇಕು."

ದ್ಯಾವಮ್ಮ ನನ್ನನ್ನು ತಡೆಯಲಿಲ್ಲ. ಕೂರಲು ಮಣೆ ಕೊಟ್ಟು, ಆ ಮಗಳ ಹೆಸರೇನು ಅಂತ ಕೇಳಿ ಹೇಳು, ಇಷ್ಟು ದಿನ ಹೆಸರಿಲ್ಲದೆ ನೀರು ಕೊಟ್ಟಿದ್ದೇವೆ ಎಂದಳು. ನಾನು ಗಾರೆ ಕೆರೆದೆ. ಅಂಗೈಯಗಲದ ಪೆಟ್ಟಿಗೆ ಸಿಕ್ಕಿತು. ಅದರ ತಂತಿ ಮಾಳಿಗೆಯ ಬಿಸಿಲುಹಲಗೆಗೆ ಸೇರಿತ್ತು. ದೀಪಕ್ಕೆಂದು ಆ ಮನೆಯವರು ಹಲಗೆ ಬದಲಿಸಿದಾಗಲೆಲ್ಲ ಗೊತ್ತಿಲ್ಲದೆ ಇದಕ್ಕೂ ಜೀವ ಕೊಟ್ಟಿದ್ದರು. ಮುಚ್ಚಳದ ಒಳಗೆ ಸಣ್ಣ ಅಕ್ಷರಗಳಿದ್ದವು: ನೀರು ಕುಡಿಯಲು ಮರೆಯುವವರಿಗಾಗಿ.

ಆ ಸಾಲನ್ನು ನಾಲ್ಕು ಸಲ ಓದಿದೆ. ನಿಮ್ಮ ಕಾಲದಲ್ಲಿ ನೀರು ಪಕ್ಕದಲ್ಲೇ ಇದ್ದರೂ ಜನ ಕುಡಿಯುವುದನ್ನು ಮರೆಯುತ್ತಿದ್ದರೇ? ಆದರೂ ಖುಷಿಯಿಂದ ಎಲ್ಲವನ್ನೂ ಹೇಳಿಬಿಟ್ಟೆ. ಇಲ್ಲಿ ಯಾರೂ ಸತ್ತಿಲ್ಲ, ಯಾರೋ ತಾಯಿ ಮಗಳಿಗೆ ನೆನಪಿಸಲು ಇಟ್ಟ ದನಿ ಇದು, ಇವತ್ತಿನಿಂದ ಲೋಟ ರೇಣವ್ವನದು ಎಂದೆ.

ದ್ಯಾವಮ್ಮ ಪೆಟ್ಟಿಗೆಯ ಮುಚ್ಚಳದ ಮೇಲೆ ಬೆರಳಾಡಿಸಿದಳು.

"ನನ್ನ ಹಿರೇಮಗ ಶರಭ ಜ್ವರದಾಗ ನೀರು ನೀರು ಅಂದ," ಎಂದಳು. "ಮೂರು ವರ್ಷದ ಕೂಸು. ಮನಿಯಾಗ ಆ ಲೋಟ ಒಂದೇ ಉಳಿದಿತ್ತು. ಗ್ವಾಡಿಗಿ ಹಾಕಿದೆ."

ಶರಭ ಸತ್ತ ವಿಷಯ ನನಗೆ ಗೊತ್ತಿರಲಿಲ್ಲ. ರೇಣವ್ವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಏನು ಹೇಳುತ್ತಿದ್ದೆನೋ ತಿಳಿಯದು. ಆ ದಿನದ ಪುಟದಲ್ಲಿ ಗಾಳಿಯ ದಿಕ್ಕು ಕೂಡ ಬರೆದಿಲ್ಲ.

ಈಗ ಲೋಟವನ್ನು ದ್ಯಾವಮ್ಮನೇ ಸೊಸೆಯ ಕೈಗಿಟ್ಟು, ಅವಳು ಕುಡಿದು ಮುಗಿಸುವವರೆಗೆ ನಿಲ್ಲುತ್ತಾಳೆ. ಕೂಸು ಒದೆಯುತ್ತಿದೆಯಂತೆ. ಆಮೇಲೆ ದ್ಯಾವಮ್ಮ ಹೋಗಿ ಒಡೆದ ಗೋಡೆಗೆ ಕಿವಿಯಿಟ್ಟು ಕೂರುತ್ತಾಳೆ. ತಂತಿ ಕಿತ್ತ ಪೆಟ್ಟಿಗೆ ನನ್ನ ಬಳಿ ಇದೆ. ಆದರೂ ಮೂರಕ್ಕೆ ಆ ದನಿ ನನಗೂ ಕೇಳುತ್ತದೆ. ಕೇಳುಕಡ್ಡಿ ಹಚ್ಚಿ ನೋಡಿದೆ. ಪೆಟ್ಟಿಗೆಯಲ್ಲಿ ಸಣ್ಣ ಅದುರೂ ಇಲ್ಲ. ಇದೊಂದಕ್ಕೆ ಕಾರಣ ಸಿಕ್ಕಿಲ್ಲ.

ನಿನ್ನೆ ದ್ಯಾವಮ್ಮ ನನ್ನನ್ನು ನಿಲ್ಲಿಸಿ ಒಂದೇ ಮಾತು ಕೇಳಿದಳು: "ಆ ಹುಡುಗಿ ಕುಡದ್ಲೇನು?"

ಅವಳು ಕೇಳಿದ್ದು ಆ ದನಿಯ ತಾಯಿಯ ಮಗಳನ್ನು ಕುರಿತು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರ ತಾಯಿಯೋ ಇಂದು ಆ ಪೆಟ್ಟಿಗೆಗೆ ತನ್ನ ದನಿ ತುಂಬುತ್ತಿರಬಹುದು. ತಂಗೀ, ನಿನ್ನ ತಾಯಿ ಕೇಳಿದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದು ಲೋಟದ ತುಂಬ ಕುಡಿ. ಕುಡಿದೆ ಎಂದು ನಿನ್ನ ಹೆಸರಿನ ಸಮೇತ ಕಲ್ಲಿನ ಮೇಲೆ ಕೊರೆದಿಡು, ನಮ್ಮ ಕಾಲಕ್ಕೆ ಅಳಿಯದ ಹಾಗೆ. ಎಲ್ಲಿದ್ದರೂ ಹುಡುಕಿ, ದ್ಯಾವಮ್ಮನಿಗೆ ಓದಿ ಹೇಳುತ್ತೇನೆ.

ಹುಲಿಗೆಮ್ಮ
ಪಂಪುಮನೆ, ಏಳನೇ ಕಟ್ಟೆ