ಕಪ್ಪು ಕಾರು ಕೊಳ್ಳುವ ಮುಂಚೆ

ಸೋಮವಾರ, ಬೆಳಿಗ್ಗೆ
ಅಂಗಡಿಯಿಂದ

ನನ್ನ ಮುದ್ದು ಗುಂಡಿಗೆ,

ಮಾವನ ಆಶೀರ್ವಾದ. ಮೂರು ವರ್ಷದವಳಿದ್ದಾಗ ನನ್ನ ಅಂಗಡಿಯಲ್ಲಿ ಕೋಟಿನ ಗುಂಡಿ ನುಂಗಿ, ಅದು ಹೊರಗೆ ಬರುವವರೆಗೆ ಎರಡು ದಿನ ಮನೆಯವರನ್ನೆಲ್ಲ ಕಾಯಿಸಿದ ಹುಡುಗಿ ಈಗ ಕಾರು ಕೊಳ್ಳುತ್ತಾಳಂತೆ! ಕಾಗದ ಓದಿ ನನ್ನ ಎದೆ ಎರಡು ಇಂಚು ಉಬ್ಬಿತು. ಸುಮ್ಮನೆ ಹೇಳುತ್ತಿಲ್ಲ, ಟೇಪು ಹಿಡಿದು ಅಳೆದಿದ್ದೇನೆ.

ನಾನು ಸುಖವಾಗಿದ್ದೇನೆ. ಹೇಗಿದ್ದರೂ ಹೀಗೆಯೇ ಬರೆಯಬೇಕೆಂದು ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಕಲಿಸಿದ್ದರು. ಏಳನೇ ಕ್ಲಾಸಿಗೆ ಆ ಶಾಲೆ ಮುಗಿಯುತ್ತಿತ್ತು. ನಾನು ಶಾಲೆಯನ್ನು ಮುಗಿಸಿದೆನೋ, ಶಾಲೆ ನನ್ನನ್ನು ಮುಗಿಸಿತೋ, ಅದು ಬೇರೆ ಮಾತು.

ನೀನು ಬರೆದಿರುವುದು ಹನ್ನೊಂದು ಸಾಲು, ಕೇಳಿರುವುದು ಎರಡು ಪ್ರಶ್ನೆ. ಕಪ್ಪು ಕಾರು ಇಟ್ಟುಕೊಂಡರೆ ಒಳ್ಳೆಯದೇನು, ಕೆಟ್ಟದ್ದೇನು ಎಂಬುದು ಒಂದು. ನಿಮ್ಮಪ್ಪ ತೀರಿಕೊಂಡ ದಿನ ನಾನು ಯಾಕೆ ಅಷ್ಟು ತಡವಾಗಿ ಬಂದೆ, ಅವತ್ತಿನಿಂದ ಅಮ್ಮ ಯಾಕೆ ನನ್ನ ಹೆಸರು ಎತ್ತಿದರೆ ಎದ್ದು ಹೋಗುತ್ತಾಳೆ ಎಂಬುದು ಇನ್ನೊಂದು. ಫೋನಿನಲ್ಲಿ ಕೇಳಿದರೆ ನಗಿಸಿ ತಪ್ಪಿಸಿಕೊಳ್ಳುತ್ತೀಯ, ಅದಕ್ಕೇ ಕಾಗದ ಎಂದಿದ್ದೀಯ. ಗುರುವಾರ ಅಮ್ಮನ ಮೊಣಕಾಲಿನ ಆಪರೇಷನ್, ಅಷ್ಟರೊಳಗೆ ನಿಜ ತಿಳಿಸಿದರೆ ನಿನ್ನ ಪರವಾಗಿ ಮಾತಾಡುತ್ತೇನೆ, ಇಲ್ಲದಿದ್ದರೆ ಇನ್ನು ಯಾವತ್ತೂ ಈ ಮಾತು ಎತ್ತುವುದಿಲ್ಲ ಎಂದಿದ್ದೀಯ. ಕೋರ್ಟಿನ ಎದುರು ಮೂವತ್ತೊಂದು ವರ್ಷದಿಂದ ಕರಿ ಕೋಟು ಹೊಲಿಯುತ್ತಿದ್ದೇನಮ್ಮ. ಇಷ್ಟು ಚೊಕ್ಕವಾದ ನೋಟಿಸು ನನ್ನ ಗಿರಾಕಿಗಳಲ್ಲಿ ಒಬ್ಬ ವಕೀಲನೂ ಬರೆದದ್ದು ಕಾಣೆ.

ಗೊತ್ತಿರುವ ಪ್ರಶ್ನೆಗೆ ಮೊದಲು ಉತ್ತರ ಬರೆಯಿರಿ ಎನ್ನುತ್ತಿದ್ದರು ಮೇಷ್ಟ್ರು. ಆದ್ದರಿಂದ ಮೊದಲು ಕಾರು.

ಕಪ್ಪಿನ ವಿಷಯದಲ್ಲಿ ಈ ಊರಿನಲ್ಲಿ ನನ್ನಷ್ಟು ತಿಳಿದವನು ಇಲ್ಲ. ಬಟ್ಟೆಯಲ್ಲಿ ಹದಿನಾಲ್ಕು ಥರದ ಕಪ್ಪು ಇದೆ, ಕಣ್ಣು ಮುಚ್ಚಿ ಮುಟ್ಟಿ ಹೇಳಬಲ್ಲೆ. ನನ್ನ ಕಾರಿನದು ಹದಿನೈದನೆಯದು. ಹಳೆಯ ವಕೀಲರೊಬ್ಬರ ಕೈಯಿಂದ ಕೊಂಡಿದ್ದು. ಕೊಂಡ ದಿನವೇ ಅದರ ಮಹಿಮೆ ಗೊತ್ತಾಯಿತು. ಕೋರ್ಟಿನ ಗೇಟಿನಲ್ಲಿ ಹತ್ತು ವರ್ಷ ನನ್ನನ್ನು ಕಂಡರೂ ಕಾಣದವನಂತೆ ಇದ್ದ ಕಾವಲುಗಾರ ಎದ್ದು ನಿಂತು ಸೆಲ್ಯೂಟ್ ಹೊಡೆದ! ಗಾಜು ಇಳಿಸಿದೆ. ಅವನು, "ಅಯ್ಯೋ, ನೀನಾ ಟೈಲರು? ಸುಮ್ನೆ ಕೈ ನೋಯ್ಸಿದ್ಯಲ್ಲ ಮಾರಾಯ" ಎಂದ. ಆಮೇಲಿಂದ ನಾನು ಗಾಜು ಇಳಿಸುವುದಿಲ್ಲ. ನಿನಗೊಬ್ಬಳಿಗೇ ಹೇಳುತ್ತೇನೆ, ಮನಸ್ಸು ಸರಿಯಿಲ್ಲದ ದಿನ ಊರಾಚೆಯ ದೊಡ್ಡ ಕಂಪನಿಯ ಗೇಟಿನವರೆಗೆ ಹೋಗುತ್ತೇನೆ. ಅಲ್ಲಿನವನು ಸೆಲ್ಯೂಟ್ ಹೊಡೆಯುತ್ತಾನೆ. ದಾರಿ ತಪ್ಪಿದವನ ಹಾಗೆ ಕೈಯಾಡಿಸಿ, ಹಿಂದಕ್ಕೆ ತೆಗೆದುಕೊಂಡು ಬರುತ್ತೇನೆ. ಹೋಗಿಬಂದರೆ ಮುಕ್ಕಾಲು ಗಂಟೆ. ಒಬ್ಬರಾದರೂ ನಮಸ್ಕಾರ ಹೇಳಿದ ದಿನ ಅದು.

ಇದು ಲಾಭ. ನಷ್ಟವೂ ಕೇಳು.

ಊರಿನಲ್ಲಿ ಅರ್ಧ ಕಾರುಗಳು ಕಪ್ಪು. ಕಳೆದ ತಿಂಗಳು ದೊಡ್ಡ ಅಂಗಡಿಯೊಂದರ ಮುಂದೆ ನಿಲ್ಲಿಸಿ, ನೂಲು ಕೊಂಡು ಬಂದು ನೋಡಿದರೆ, ನನ್ನ ಕಾರಿನಲ್ಲಿ ಯಾರೋ ಹೆಂಗಸು ಕೂತು ಬಾಳೆಹಣ್ಣು ತಿನ್ನುತ್ತಿದ್ದಾಳೆ! ನಾನು ಬಿಡುತ್ತೇನೆಯೇ? "ರೀ, ಇಳೀರಿ ಕೆಳಗೆ, ಇದೇನು ನಿಮ್ಮಪ್ಪನ ಮನೆಯಾ?" ಎಂದು ಗದರಿಸಿದೆ. ಆಕೆ ಸಿಪ್ಪೆಯನ್ನು ನಿಧಾನವಾಗಿ ಮಡಿಸಿ, "ಯಜಮಾನ್ರೇ, ಇದು ನಿಮ್ಮ ಕಾರಾದ್ರೆ ಹಿಂದಿನ ಸೀಟಲ್ಲಿ ನಮ್ಮತ್ತೆ ಯಾಕೆ ಮಲಗಿದಾರೆ?" ಎಂದಳು. ಬಗ್ಗಿ ನೋಡಿದೆ. ಮಲಗಿದ್ದರು. ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದರು. ನನ್ನ ಕಾರು ಮುಂದಿನ ಸಾಲಿನಲ್ಲಿತ್ತು. ಆದರೆ ನಿಜ ಹೇಳಲಾ? ಗದರಿಸುವ ಮುಂಚೆ ಒಂದು ಕ್ಷಣ, ನನ್ನ ಕಾರಿನಲ್ಲಿ ಯಾರೋ ಕೂತಿದ್ದಾರೆ ಅನ್ನಿಸಿದಾಗ, ನನಗೆ ಸಂತೋಷವೇ ಆಗಿತ್ತು.

ನನ್ನ ಪಕ್ಕದ ಸೀಟಿನಲ್ಲಿ ಕೂರುವುದು ಒಂದು ಕೋಟು. ಹೊಲಿಸಿದವರು ಊರು ಬಿಟ್ಟು ಹೋದರು, ಬಂದು ಕೊಂಡೊಯ್ಯಲಿಲ್ಲ. ಹ್ಯಾಂಗರಿನ ಸಮೇತ ಸೀಟಿಗೆ ಕೂರಿಸಿ ಬೆಲ್ಟು ಹಾಕಿದ್ದೇನೆ. ತಿರುವಿನಲ್ಲಿ ನನ್ನ ಕಡೆಗೆ ಸ್ವಲ್ಪ ವಾಲುತ್ತದೆ. "ಏನಂತೀರಿ ವಕೀಲರೇ?" ಎಂದು ಕೇಳುತ್ತೇನೆ. ಇದುವರೆಗೆ ನನ್ನ ಮಾತಿಗೆ ಆಕ್ಷೇಪಣೆ ಎತ್ತಿಲ್ಲ.

ಇನ್ನು ಬಿಸಿಲು. ಮಧ್ಯಾಹ್ನ ಹೊರಗೆ ನಿಲ್ಲಿಸಿದರೆ ಒಳಗೆ ನನ್ನ ಇಸ್ತ್ರಿ ಪೆಟ್ಟಿಗೆಗೆ ಅಣ್ಣ. ಸ್ಟೀರಿಂಗ್ ಮುಟ್ಟಲಾಗುವುದಿಲ್ಲ. ಮುಸ್ಸಂಜೆಯಲ್ಲಿ ಎದುರಿನವರಿಗೆ ಬೇಗ ಕಾಣುವುದಿಲ್ಲ, ಆದ್ದರಿಂದ ದೀಪ ಹಾಕುವುದಕ್ಕೆ ಸೋಮಾರಿತನ ಮಾಡಬೇಡ. ಗೀರು ಬಿದ್ದರೆ ದೂರದಿಂದಲೇ ಬಿಳಿ ನೂಲಿನ ಹಾಗೆ ಹೊಳೆಯುತ್ತದೆ. ಬೆಕ್ಕು ಮೇಲೆ ನಡೆದರೆ ಎಲ್ಲಿಂದ ಹತ್ತಿತು, ಎಲ್ಲಿ ಕೂತು ಯೋಚಿಸಿತು, ಎಲ್ಲಿಂದ ಹಾರಿತು, ಎಲ್ಲವೂ ಅಚ್ಚಾಗಿರುತ್ತದೆ. ತೊಳೆದು ಒರೆಸದೆ ಬಿಟ್ಟರೆ ನೀರಿನ ಕಲೆ. ಅವಸರದಲ್ಲಿ ಒರೆಸಿದರೆ ಬಟ್ಟೆಯ ಗೆರೆ. ಬಿಳಿ ಕಾರು ವಾರಕ್ಕೊಮ್ಮೆ ನೀರು ಕೇಳುತ್ತದೆ. ಕಪ್ಪು ಕಾರು ನಿನ್ನ ಆಯುಷ್ಯವನ್ನೇ ಕೇಳುತ್ತದೆ.

ಬಣ್ಣಕ್ಕಿಂತ ಮೊದಲು ಸೀಟಿನ ಎತ್ತರ ನೋಡು. ಅಕ್ಕ ಕಾಲು ಮಡಿಸಿ ಇಳಿಯುವ ಹಾಗಿರಬಾರದು, ಕುರ್ಚಿಯಿಂದ ಎದ್ದ ಹಾಗೆ ಇಳಿಯಬೇಕು. ಎಡಗಾಲು ಅಲ್ಲವೇ ಅವಳಿಗೆ ಹೆಚ್ಚು ನೋವು? ಅಥವಾ ಈಗ ಎರಡೂ ಆಗಿದೆಯೋ. ನನಗೆ ಗೊತ್ತಿರುವುದು ನಾಲ್ಕು ವರ್ಷದ ಹಿಂದಿನ ಕಾಲು.

ಈಗ ನಾಲ್ಕನೇ ಹಾಳೆ. ಇಷ್ಟು ಹೊತ್ತು ಸುತ್ತಿದೆ. ನೀನು ಓದುತ್ತಾ ಹುಬ್ಬು ಗಂಟಿಕ್ಕಿರುವುದು ಇಲ್ಲಿಂದಲೇ ಕಾಣುತ್ತಿದೆ.

ನಿಮ್ಮಪ್ಪನಿಗೂ ನನಗೂ ಮೊದಲಿನಿಂದ ಹಾವು ಮುಂಗುಸಿ ಎಂದು ಎಲ್ಲರೂ ಹೇಳುತ್ತಿದ್ದರು. ಅದು ಸುಳ್ಳು. ಭಾವ ನನ್ನನ್ನು ಗೇಲಿ ಮಾಡುವುದು, ನಾನು ಜಂಬ ಕೊಚ್ಚುವುದು, ಅದೇ ನಮ್ಮ ಮಾತುಕತೆ. ಬೇರೆ ಥರ ಮಾತಾಡಲು ಇಬ್ಬರಿಗೂ ಬರುತ್ತಿರಲಿಲ್ಲ. ಕಾರು ಕೊಂಡು ನಿಮ್ಮ ಮನೆಗೆ ಮೊದಲ ಸಲ ಬಂದಾಗ, "ಟೈಲರ್‌ಗೆ ಕಾರ್ ಯಾಕೋ? ಸೂಜಿ ಸಾಗ್ಸಕ್ಕಾ?" ಎಂದರು. ಎರಡೂವರೆ ಗಂಟೆಯ ದಾರಿ, ಕಾರಿನ ಮೇಲೆಲ್ಲ ದೂಳು. ನಾವು ಒಳಗೆ ಕೂತಿದ್ದಾಗ ಅವರು ಹೊರಗೆ ಹೋಗಿ ಡಿಕ್ಕಿಯ ಮೇಲೆ ಬೆರಳಿನಲ್ಲಿ "ಇಸ್ತ್ರಿ ಆಗಿಲ್ಲ" ಎಂದು ಬರೆದಿದ್ದರು. ನಿಮ್ಮ ಬೀದಿಯವರೆಲ್ಲ ನಕ್ಕರು. ನೀನೂ ನಕ್ಕೆ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಾನು ಎಲ್ಲರಿಗಿಂತ ಜೋರಾಗಿ ನಕ್ಕು, ಆ ಅಕ್ಷರಗಳನ್ನು ಹೊತ್ತುಕೊಂಡೇ ವಾಪಸು ಬಂದೆ. ಆದರೆ ಅಂದೇ ತೀರ್ಮಾನ ಮಾಡಿಕೊಂಡೆ, ಇನ್ನೊಂದು ಸಲ ಭಾವನ ಕಣ್ಣಿಗೆ ಈ ಕಾರು ದೂಳಿನಲ್ಲಿ ಬೀಳಬಾರದು ಎಂದು. ಆಮೇಲೆ ನಾನು ಬಂದಾಗಲೆಲ್ಲ ನಿಮ್ಮ ಊರು ಮುಟ್ಟುವ ಮುಂಚೆ ಸೇತುವೆಯ ಹತ್ತಿರ ನಿಲ್ಲಿಸಿ ಒರೆಸಿಕೊಂಡೇ ಬರುತ್ತಿದ್ದೆ. ಅದು ನಿಮಗ್ಯಾರಿಗೂ ಗೊತ್ತಿಲ್ಲ.

ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ನೀನು ಫೋನ್ ಮಾಡಿದೆ. "ಮಾವ, ಅಪ್ಪ ನಿನ್ನ ಕೇಳ್ತಿದಾರೆ, ಬೇಗ ಹೊರಡು" ಎಂದೆ. ಭಾವ ಆಸ್ಪತ್ರೆಯಲ್ಲಿ ಐದು ದಿನದಿಂದ ಇದ್ದರು. ಅವರ ಮಂಚ ಕಿಟಕಿಯ ಪಕ್ಕ, ಕೆಳಗೆ ಕಾರು ನಿಲ್ಲಿಸುವ ಜಾಗ ಎಂದು ಹಿಂದಿನ ದಿನವೇ ನೀನು ಹೇಳಿದ್ದೆ. ನನ್ನ ಬೀದಿಯಲ್ಲಿ ಆ ವಾರ ರಸ್ತೆ ಅಗೆದಿದ್ದರು. ಕಾರು ಹಿಟ್ಟಿನ ಗಿರಣಿಯಿಂದ ಬಂದ ಹಾಗಿತ್ತು. ಭಾವ ಕಿಟಕಿಯಿಂದ ನೋಡುತ್ತಾರೆ, ಕಾರು ಕನ್ನಡಿಯ ಹಾಗೆ ಹೊಳೆಯಬೇಕು, "ಆಹಾ, ಇವತ್ತು ಇಸ್ತ್ರಿ ಆಗಿದೆ ಕಣೋ" ಎಂದು ಅವರು ನಗಬೇಕು. ನಕ್ಕರೆ ಮನುಷ್ಯ ಅರ್ಧ ಗುಣವಾಗುತ್ತಾನೆ. ಹೀಗೆ ನನ್ನ ಬುದ್ಧಿ ಓಡಿತು. ಅರ್ಧ ಗಂಟೆಯ ಕೆಲಸ ಎಂದುಕೊಂಡೆ.

ತೊಳೆದೆ. ಬಿಸಿಲಿಗೆ ಒಣಗಿ ಮೈತುಂಬ ಬಿಳಿ ಕಲೆ ಎದ್ದಿತು. ಮತ್ತೆ ತೊಳೆದೆ. ಒರೆಸಿದೆ, ಗೆರೆ ಬಂತು. ಪಾಲಿಶು ಹಾಕಿದೆ, ಉಜ್ಜಿದೆ. ಚಕ್ರಗಳನ್ನು ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿದೆ. ಮುಗಿದಾಗ ಹನ್ನೆರಡೂವರೆ. ದಾರಿಯ ದೂಳನ್ನು ಸೇತುವೆಯ ಹತ್ತಿರ ಎರಡೇ ನಿಮಿಷದಲ್ಲಿ, ಚಕ್ರದವರೆಗೆ ಒರೆಸಿಕೊಂಡೆ.

ನಾನು ಬಂದು ಮುಟ್ಟಿದ್ದು ಮೂರಕ್ಕೆ. ಭಾವ ಹೋಗಿದ್ದು ಎರಡಕ್ಕೆ.

ಹತ್ತಕ್ಕೇ ಹೊರಟಿದ್ದರೆ ಒಂದೂವರೆ ಗಂಟೆ ಸಿಗುತ್ತಿತ್ತು. ಈ ಲೆಕ್ಕವನ್ನು ನಾಲ್ಕು ವರ್ಷದಲ್ಲಿ ಎಷ್ಟು ಸಲ ಮಾಡಿದ್ದೇನೋ. ಪ್ರತಿ ಸಲವೂ ಒಂದೂವರೆಯೇ ಬರುತ್ತದೆ.

ಅಕ್ಕ ಮೆಟ್ಟಿಲು ಇಳಿದು ಕಾರಿನ ಹತ್ತಿರ ಬಂದಳು. "ಯಾಕೋ ಇಷ್ಟೊತ್ತು?" ಎಂದಳು. ಬೈದಿದ್ದಲ್ಲ, ಸುಮ್ಮನೆ ಕೇಳಿದ್ದು. ನಾನು "ದಾರೀಲಿ ಪಂಕ್ಚರ್ ಆಯ್ತು ಅಕ್ಕ" ಎಂದೆ. ಬಾಯಿಂದ ತಾನಾಗಿ ಬಂತು. ಅವಳು ಕಾರನ್ನು ನೋಡಿದಳು. ಬಾಗಿಲಿನಲ್ಲಿ ಅವಳ ಮುಖ ಪೂರ್ತಿ ಕಾಣುತ್ತಿತ್ತು, ಅತ್ತ ಕಣ್ಣು, ಕೆದರಿದ ಕೂದಲು, ಎಲ್ಲ. "ಯಾವ ಚಕ್ರ?" ಎಂದಳು. "ಹಿಂದಿನದು, ಎಡಗಡೆದು" ಎಂದೆ. ಆ ನೋಯುವ ಕಾಲಿನಲ್ಲಿ ಬಗ್ಗಿ, ಚಕ್ರದ ಮೇಲೆ ಬೆರಳಾಡಿಸಿ, ಬೆರಳನ್ನು ನನ್ನ ಮುಖದ ಮುಂದೆ ಹಿಡಿದಳು. ಒಂದು ಚೂರು ಮಸಿ ಇರಲಿಲ್ಲ. "ಆಯ್ತು ಬಿಡು" ಎಂದು ಮೆಟ್ಟಿಲು ಹತ್ತಿ ಹೋದಳು. ಅದೇ ನನ್ನ ಅಕ್ಕ ನನಗೆ ಆಡಿದ ಕೊನೆಯ ಮಾತು.

ತಡವಾಗಿದ್ದನ್ನು ಅವಳು ಕ್ಷಮಿಸುತ್ತಿದ್ದಳೋ ಏನೋ. ಆ ಚಕ್ರಕ್ಕೆ ಅವಳನ್ನು ಬಗ್ಗಿಸಿದ್ದನ್ನು ಹೇಗೆ ಕ್ಷಮಿಸುತ್ತಾಳೆ? ನಿನಗೆ ಅವಳು ಇದನ್ನು ಹೇಳಿಲ್ಲ ಎಂದರೆ, ನನ್ನ ಮಾನ ಕಾಪಾಡಿದ್ದಾಳೆ ಎಂದು ಅರ್ಥ. ಅದು ಇನ್ನೂ ಕಷ್ಟ.

ನೀನು ಕಾರು ಕೊಳ್ಳು ಗುಂಡಿ. ಇಷ್ಟವಿದ್ದರೆ ಕಪ್ಪೇ ಕೊಳ್ಳು, ಬಣ್ಣದ ತಪ್ಪೇನೂ ಇಲ್ಲ. ಆದರೆ ಯಾರಾದರೂ ಕರೆದಾಗ ಕಾರು ಹೇಗಿದೆಯೋ ಹಾಗೆ ಹೊರಡು. ಮೂವತ್ತೊಂದು ವರ್ಷ ಬೇರೆಯವರ ಮೈಗೆ ಅಳತೆ ತಪ್ಪದೆ ಹೊಲಿದವನು ನಾನು. ನನ್ನದೇ ಒಂದು ದಿನವನ್ನು ಹೊಲಿಯಲು ಬರಲಿಲ್ಲ.

ಅಕ್ಕನಿಗೆ ಇದನ್ನು ಓದಿ ಹೇಳುವುದೋ ಬಿಡುವುದೋ ನಿನಗೆ ಬಿಟ್ಟಿದ್ದು. ಆಪರೇಷನ್ ಆದ ಮೇಲೆ ಹೇಗಿದ್ದಾಳೆಂದು ಒಂದು ಸಾಲು ಬರೆದರೆ ಸಾಕು.

ಇಂತಿ,
ನಿನ್ನನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆಸಿದ,
ಊರಿಗೇ ಒಬ್ಬನಾದ ನಿನ್ನ ಟೈಲರ್ ಮಾವ

ಮರೆತಿದ್ದು: ಮರೆತಿದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಇವತ್ತು ಬುಧವಾರ. ಎರಡು ದಿನದಿಂದ ಕಾಗದ ಜೇಬಿನಲ್ಲೇ ಇತ್ತು. ಅವತ್ತು ಹನ್ನೊಂದು ಗಂಟೆಗೆ ನೀನು ಇನ್ನೊಂದು ಸಲ ಫೋನ್ ಮಾಡಿದ್ದೆ. ದಾರಿಯಲ್ಲಿ ಕೇಳಿಸಲಿಲ್ಲ ಎಂದು ಆಮೇಲೆ ನಿನಗೆ ಹೇಳಿದೆ. ನಾನು ದಾರಿಯಲ್ಲಿರಲಿಲ್ಲ. ಫೋನು ಕಾರಿನ ಮೇಲೆಯೇ ಇತ್ತು, ನಿನ್ನ ಹೆಸರು ಕಾಣುತ್ತಿತ್ತು, ಕೈಯಲ್ಲಿ ಪಾಲಿಶಿನ ಬಟ್ಟೆ ಇತ್ತು. ಇನ್ನು ಅರ್ಧವೇ ಬಾಕಿ ಇದೆ, ಮುಗಿಸಿಬಿಡೋಣ ಎಂದುಕೊಂಡೆ. ಈ ಸಾಲನ್ನೂ ಅಕ್ಕನಿಗೆ ಓದು. ಇದಿಲ್ಲದೆ ಮೇಲಿನದ್ದೆಲ್ಲ ಅರ್ಧ ಸುಳ್ಳು. ಅಂಚೆಗೆ ಹಾಕಿದರೆ ಗುರುವಾರದೊಳಗೆ ಸೇರುವುದಿಲ್ಲ, ಆದ್ದರಿಂದ ನಾನೇ ತಂದು ನಿಮ್ಮ ಬಾಗಿಲ ಕೆಳಗೆ ತೂರಿಸುತ್ತಿದ್ದೇನೆ. ಸೇತುವೆಯ ಹತ್ತಿರ ನಿಲ್ಲಿಸಲಿಲ್ಲ. ಪೂರ್ತಿ ಓದಿದ ಮೇಲೆ ಅಕ್ಕ ಹೋಗೆಂದರೆ ಹೋಗುತ್ತೇನೆ, ನೀನು ಕಿಟಕಿಯಿಂದ ಕೈ ಮಾಡಿದರೆ ಸಾಕು. ಎದುರುಗಡೆ ನಿಂತಿದ್ದೇನೆ. ಇಂಜಿನ್ ಆರಿಸಿದ್ದೇನೆ.